ಹಸಿ ಬಣ್ಣದ ಮೇಲೆ ನಾಲ್ಕು ಗೆಣ್ಣು

ಮಂಗಳವಾರ ಬೆಳಿಗ್ಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು: "ಬೀರು ಮುಟ್ಟಿಲ್ಲ ಮೇಡಂ. ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ಬಣ್ಣ ಇನ್ನೂ ಹಸಿ ಇದೆ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದವಳು ಹಾಗೆಯೇ ಕೈಯಲ್ಲಿ ಹಿಡಿದು ನೋಡಿದಳು. ಕಳವಾದದ್ದೇನು ಎಂಬುದಕ್ಕಿಂತ ಮೊದಲು ಬಣ್ಣದ ಸಮಾಚಾರ ಹೇಳಿದ ದೂರುದಾರರನ್ನು ಆಕೆ ತನ್ನ ನೌಕರಿಯಲ್ಲಿ ಅದುವರೆಗೆ ಕಂಡಿರಲಿಲ್ಲ.

"ಕೂತ್ಕೊಳ್ಳಿ. ಏನು ಹೋಗಿದೆ?"

"ಒಂದು ಕಂದು ಲಕೋಟೆ."

"ಒಳಗೆ?"

"ವಿದ್ಯುತ್ ಕಂಪನಿ ಷೇರಿಗೆ ಹಾಕೋ ಅರ್ಜಿ. ಜೊತೆಗೆ ಬ್ಯಾಂಕಿನ ಡಿಡಿ."

ಅವರು ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ತಂದೆ ವಿದ್ಯುತ್ ಕಂಪನಿಯ ಸ್ವೀಕರಣ ಕೇಂದ್ರದಲ್ಲಿ ಆಪರೇಟರ್ ಆಗಿ ದುಡಿದು, ನೌಕರರಿಗೆಂದು ಕೊಟ್ಟ ಷೇರುಗಳನ್ನು ಬಿಟ್ಟುಹೋಗಿದ್ದರು. ಈಗ ಕಂಪನಿ ಹೊಸ ಷೇರು ಬಿಡುತ್ತಿತ್ತು. ಹಳೆಯ ಷೇರುದಾರರಿಗೆ ಮೊದಲ ಹಕ್ಕು. ನಾಲ್ಕು ಇದ್ದವರಿಗೆ ಒಂದು, ಅದೂ ಪೇಟೆಯ ಬೆಲೆಗಿಂತ ಅಗ್ಗಕ್ಕೆ. ಶುಕ್ರವಾರ ಬ್ಯಾಂಕಿನ ಕೌಂಟರ್ ಮುಚ್ಚುವುದರೊಳಗೆ ಅರ್ಜಿ ಕೊಡದವರ ಹಕ್ಕು ಅಲ್ಲಿಗೆ ಮುಗಿಯಿತು.

"ಇನ್ನೊಂದು ಅರ್ಜಿ ಬರೆದು ಹಾಕಿ."

"ಅರ್ಜಿ ಬರೀಬಹುದು. ಡಿಡಿ ರದ್ದಾಗಿ ದುಡ್ಡು ವಾಪಸ್ ಬರೋಕೆ ವಾರ ಹಿಡಿಯುತ್ತಂತೆ. ಸರಕಿಗೆ ಅಂತ ಇಟ್ಟಿದ್ದನ್ನೆಲ್ಲ ಅದಕ್ಕೇ ಸುರಿದಿದೀನಿ ಮೇಡಂ. ಬೇರೆ ಎಲ್ಲಿಂದ ತರಲಿ?"

"ಆ ಡಿಡಿ ಬೇರೆಯವರು ಮುರಿಸ್ಕೊಳ್ಳೋಕಾಗುತ್ತಾ?"

"ಇಲ್ಲ. ಕಂಪನಿ ಹೆಸರಿಗಿದೆ."

ಎಫ್‌ಐಆರ್ ದಾಖಲಾಯಿತು. ದೂರುದಾರರು ಹೊರಗೆ ಹೋದ ಮೇಲೆ, ತಾನೂ ಅಷ್ಟೋ ಇಷ್ಟೋ ಷೇರು ಇಟ್ಟುಕೊಂಡಿದ್ದ ದಫೇದಾರ ವಿಷಯವನ್ನು ತನ್ನದೇ ರೀತಿಯಲ್ಲಿ ಬಿಡಿಸಿ ಹೇಳಿದ.

"ಮನೆಯವರ ಊಟ ಆದ್ಮೇಲೆ ಹೊರಗಿನವರನ್ನ ಕರೆಯೋದು ಮೇಡಂ, ಅಷ್ಟೇ. ಊಟಕ್ಕೆ ಬರದವನ ಪಾಲು ಪಕ್ಕದವನ ತಟ್ಟೆಗೆ. ಬರದೇ ಇದ್ದವನು ಬಡವಾಗಲ್ಲ, ಆದ್ರೆ ಪಕ್ಕದವನು ದಪ್ಪ ಆಗ್ತಾನೆ. ನೋಡೋಕೆ ಅದೇ ಕಷ್ಟ."

"ಹಾಗಾದ್ರೆ ಕದ್ದವನಿಗೆ ಒಂದು ಪೈಸೆಯೂ ಸಿಗಲ್ಲ."

"ಸಿಗಲ್ಲ. ಇವರಿಗೂ ಸಿಗಲ್ಲ."

"ಅದೇ ಅವನಿಗೆ ಬೇಕಾಗಿರೋದು ಅನ್ಸುತ್ತೆ, ದಫೇದಾರ್ರೆ" ಎಂದು ಇನ್ಸ್‌ಪೆಕ್ಟರ್ ಟೊಪ್ಪಿಗೆ ಎತ್ತಿಕೊಂಡಳು.

ಕನ್ನಡಕದ ಅಂಗಡಿಯ ಮುಂಭಾಗದಲ್ಲಿ ಗಾಜಿನ ಕಪಾಟುಗಳು, ಅಕ್ಷರಗಳ ಫಲಕ, ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿ. ಹಿಂದೆ, ಮಸೂರ ಉಜ್ಜುವ ಯಂತ್ರವಿದ್ದ ಕಿರುಕೋಣೆ. ಆ ಕೋಣೆಯ ಮೂಲೆಯಲ್ಲಿ ತಂದೆಯ ಕಾಲದ ಕಬ್ಬಿಣದ ಬೀರು. ತುಕ್ಕು ಹಿಡಿದಿದೆಯೆಂದು ಸೋಮವಾರ ಬೆಳಿಗ್ಗೆ ಅದಕ್ಕೆ ಬೂದುಬಣ್ಣ ಬಳಿಸಿದ್ದರು. ಮಧ್ಯಾಹ್ನ ಅವರು ಮುಂದಿನ ಷಟರ್ ಎಳೆದು ಮಹಡಿಗೆ ಊಟಕ್ಕೆ ಹೋದಾಗ, ಬಣ್ಣದ ಗಾಳಿ ಆಡಲೆಂದು ಓಣಿಯ ಕಡೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಸಂಜೆ ನೋಡಿದಾಗ ಲಕೋಟೆ ಇಲ್ಲ. ಬೀಗ ಒಡೆದಿರಲಿಲ್ಲ. ಕೀಲಿ ಎಂದಿನಂತೆ ಮೀಟರ್ ಹಲಗೆಯ ಮೇಲೆಯೇ ಇತ್ತು.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಹಿಡಿಯನ್ನು ಯಾರೋ ಬಟ್ಟೆಯಿಂದ ಒರೆಸಿದ್ದರು, ಬೆರಳಚ್ಚು ಸಿಗಲಿಲ್ಲ. ಆದರೆ ಹಿಡಿಯ ಪಕ್ಕದಲ್ಲಿ, ಹಸಿ ಬಣ್ಣದ ಮೇಲೆ, ಸಾಲಾಗಿ ನಾಲ್ಕು ಗುಳಿಗಳಿದ್ದವು. ಬೆರಳ ತುದಿಗಳಲ್ಲ. ಇನ್ಸ್‌ಪೆಕ್ಟರ್ ಬಾಗಿ, ತನ್ನ ಕೈಯನ್ನು ಬೀರಿಗೆ ತಾಗಿಸದೆ ಅಂಗೈ ಕಡೆಯಿಂದ ಹಿಡಿದು ನೋಡಿದಳು, ಹೊಂದಲಿಲ್ಲ. ಮಗುಚಿ ಹಿಡಿದಳು. ನಾಲ್ಕು ಬೆರಳ ಗೆಣ್ಣುಗಳು ನಾಲ್ಕು ಗುಳಿಗಳ ಎದುರು ಬಂದು ನಿಂತವು.

"ಬೀರಿನ ಬಾಗಿಲು ತಟ್ಟಿ, ಒಳಗೆ ಯಾರಿದೀರಿ ಅಂತ ಕೇಳಿದಾನೆ ಕಳ್ಳ" ಎಂದ ದಫೇದಾರ. "ಮರ್ಯಾದಸ್ಥ."

ಕನ್ನಡಕದಂಗಡಿಯವರು ನಗಲಿಲ್ಲ. ಅವರ ಕಣ್ಣು ಇನ್ಸ್‌ಪೆಕ್ಟರ್ ಮಗುಚಿ ಹಿಡಿದ ಕೈಯ ಮೇಲಿತ್ತು.

"ಕೀಲಿ ಎಲ್ಲಿಡ್ತೀರಿ ಅನ್ನೋದು ಯಾರಿಗೆ ಗೊತ್ತು?"

"ನನ್ನ ಹೆಂಡತಿಗೆ. ಬಣ್ಣದವನು ನೋಡಿದಾನೆ. ಷೇರು ದಲ್ಲಾಳಿನೂ ನೋಡಿದಾನೆ, ಹೋದ ವಾರ ಬಂದಿದ್ದ."

"ಮತ್ತೆ?"

"ಅಪ್ಪನ ಕಾಲದಿಂದ ಅಲ್ಲೇ ಇಡೋದು."

"ನಿಮ್ಮಪ್ಪನಿಗೆ ಎಷ್ಟು ಜನ ಮಕ್ಕಳು?"

"ಇಬ್ಬರು" ಎಂದರು ಅವರು. "ತಮ್ಮ ಒಬ್ಬ ಇದಾನೆ."

ಅಷ್ಟರಲ್ಲಿ ಮಹಡಿಯಿಂದ ಇಳಿದು ಬಂದಿದ್ದ ಅವರ ಹೆಂಡತಿ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ.

"ಇದಾನೆ ಅಂದ್ರೆ? ಒಂದೇ ಬೀದಿ ದಾಟಿದ್ರೆ ಅವರ ಮನೆ. ನಮ್ಮನೆ ಮೆಟ್ಟಿಲು ಹತ್ತಿ ಆರು ತಿಂಗಳಾಯ್ತು. ಮಾವನವರು ಷೇರನ್ನ ಸಮಸಮ ಹಂಚಿದ್ರು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇಬ್ಬರೂ ಒಬ್ಬರ ತಟ್ಟೆ ಒಬ್ಬರು ನೋಡಬಾರದು ಅಂತ. ಲಾಭಾಂಶ ಬಂದ ದಿನ ನನ್ನ ವಾರಗಿತ್ತಿ ಬರೋಳು, ನಿಮಗೆಷ್ಟು ಬಂತಕ್ಕ ಅಂತ. ನಿಂಗೆ ಬಂದಷ್ಟೇ ಕಣೇ ಅಂದ್ರೆ ಸಮಾಧಾನ, ಕೂತು ಕಾಫಿ ಕುಡಿಯೋಳು. ವರ್ಷದಲ್ಲಿ ಅದೊಂದೇ ದಿನ ನಾವು ನಗ್ತಾ ಮಾತಾಡ್ತಿದ್ದಿದ್ದು."

"ನೀನು ಒಳಗೆ ಹೋಗು" ಎಂದರು ಗಂಡ.

"ನಾನೇನು ಯಾರ ಮೇಲೂ ಹೇಳಲಿಲ್ಲಪ್ಪ" ಎಂದು ಆಕೆ, ಹೇಳುವುದನ್ನೆಲ್ಲ ಹೇಳಿ, ಮೆಟ್ಟಿಲು ಹತ್ತಿದರು.

ಬಣ್ಣದವನ ವಿಚಾರಣೆ ಬೇಗ ಮುಗಿಯಿತು. ಗುರುತಿನ ಚಿತ್ರ ತೋರಿಸಿದಾಗ ಆತನಿಗೆ ಸಿಟ್ಟು ಬಂತು.

"ಮೇಡಂ, ನಾನು ಬಳಿದ ಬಣ್ಣಕ್ಕೆ ನಾನೇ ಗೆಣ್ಣು ಒತ್ತುತೀನಾ? ಮುಂದಿನ ಕೆಲಸ ಯಾರು ಕೊಡ್ತಾರೆ ನಂಗೆ?"

ಸೋಮವಾರ ಮಧ್ಯಾಹ್ನ ಆತ ಇನ್ನೊಂದು ಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದನೆಂದು ಆ ಮನೆಯವರು ಹೇಳಿಕೆ ಕೊಟ್ಟರು. ದಲ್ಲಾಳಿ ಆ ಹೊತ್ತಿನಲ್ಲಿ ತನ್ನ ಕಚೇರಿಯಲ್ಲಿ ಗಿರಾಕಿಗಳ ನಡುವೆ ಇದ್ದ. ಅವನಿಗೆ ಬೇರೆ ಪ್ರಶ್ನೆ ಬಿತ್ತು.

"ತಮ್ಮನ ಪಾಲಿನ ಹಕ್ಕು ಏನಾಯ್ತು?"

"ನನಗೇ ಮಾರಿದ್ರು ಮೇಡಂ. ಮನೆ ಮೇಲೆ ಮಹಡಿ ಎಬ್ಬಿಸಿದಾರೆ, ಕೈ ಖಾಲಿ. ಅಣ್ಣನೂ ತಗೊಳ್ಳಲ್ಲ ಅಂದ್ಕೊಂಡಿದ್ರು."

"ತಗೊಳ್ತಿದಾರೆ ಅಂತ ಹೇಳಿದ್ದು ನೀನೇನಾ?"

"ಶನಿವಾರ, ಮಾತಿಗೆ ಮಾತು ಬಂತು. ಪೂರ್ತಿ ಹಕ್ಕಿನ ಜೊತೆ, ಉಳಿದ್ರೆ ಇನ್ನಷ್ಟು ಕೊಡಿ ಅಂತಾನೂ ಬರೆದಿದಾರೆ ನಿಮ್ಮಣ್ಣ, ಅರ್ಜಿ ಬೀರಲ್ಲಿದೆ, ಮಂಗಳವಾರ ಕೊಡ್ತಾರಂತೆ ಅಂದೆ."

"ಏನಂದ?"

"ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ್ರು."

ಜೀಪಿಗೆ ಮರಳುವಾಗ ಡಿವೈಎಸ್ಪಿಯವರ ಫೋನು ಬಂತು. ಒಂದು ಲಕೋಟೆಯ ಪ್ರಕರಣಕ್ಕೆ ಎಷ್ಟು ದಿನ ಎಂದು ಅವರು ನಗುತ್ತಲೇ ಕೇಳಿದರು. ಅವರು ಆಕೆಯ ಜೊತೆಯಲ್ಲಿಯೇ ತರಬೇತಿಗೆ ಸೇರಿದವರು. ಕಾನೂನಿನ ಪರೀಕ್ಷೆಯಲ್ಲಿ ಆಕೆಯ ಟಿಪ್ಪಣಿ ಓದಿ ಪಾಸಾದವರು. ಈಗ ಅವರ ಭುಜದ ಮೇಲಿನ ನಕ್ಷತ್ರಗಳಿಗೆ ಆಕೆ ಸೆಲ್ಯೂಟ್ ಹೊಡೆಯಬೇಕು. "ಆಯ್ತು ಸರ್" ಎಂದು ಆಕೆ ಫೋನಿಟ್ಟಳು.

"ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು" ಎಂದು ದಫೇದಾರ ಪ್ರಕರಣದ ಬಗ್ಗೆಯೇ ಹೇಳುತ್ತಿದ್ದ.

"ಅದಕ್ಕೆ ಒಂದೇ ಹೊಟ್ಟೇಲಿ ಹುಟ್ಟಬೇಕಾಗಿಲ್ಲ ಬಿಡಿ" ಎಂದಳು ಇನ್ಸ್‌ಪೆಕ್ಟರ್.

ಬುಧವಾರ ಹನ್ನೊಂದು ಗಂಟೆಗೆ ಅವರು ಸ್ವೀಕರಣ ಕೇಂದ್ರ ತಲುಪಿದರು. ತಮ್ಮ, ತಂದೆಯ ಕೆಲಸವನ್ನೇ ಹಿಡಿದು, ತಂದೆ ನಿಂತ ಫಲಕದ ಎದುರೇ ಪಾಳಿ ಮಾಡುತ್ತಿದ್ದ ಆಪರೇಟರ್. ಜಲ್ಲಿ ಹಾಸಿದ ಅಂಗಳದಲ್ಲಿ ಪರಿವರ್ತಕಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದವು. ಒಳಗಿನ ಜಾಲರಿ ಗೇಟಿಗೆ ದಫೇದಾರ ಕೈ ಹಾಕಲು ಹೋದ.

"ಹಂಗೆ ಹಿಡೀಬೇಡಿ ಸಾರ್." ಆತ ಮುಂದೆ ಬಂದು, ಕೈ ಮಗುಚಿ, ಬೆರಳ ಗೆಣ್ಣುಗಳಿಂದ ಗೇಟನ್ನು ಒಮ್ಮೆ ತಾಗಿ, ಆಮೇಲೆ ಹಿಡಿದು ತೆರೆದ. "ಅಂಗೈ ಹಾಕಿದಾಗ ಕರೆಂಟ್ ಇದ್ರೆ ಬೆರಳು ಮುಚ್ಕೊಳ್ಳುತ್ತೆ. ಬಿಡಬೇಕು ಅಂದ್ರೂ ಬಿಡೋಕಾಗಲ್ಲ. ಕೈ ಮಗುಚಿ ತಾಗಿದ್ರೆ ತಾನೇ ಕಿತ್ಕೊಂಡು ಬರುತ್ತೆ."

"ಯಾರು ಕಲಿಸಿದ್ದು?" ಎಂದು ಇನ್ಸ್‌ಪೆಕ್ಟರ್ ಸಹಜವಾಗಿ ಕೇಳಿದಳು.

"ಅಪ್ಪ. ಎಂಟು ವರ್ಷದವನಿದ್ದಾಗ." ಆತನ ಮುಖ ಅರಳಿತು. "ಈಗ ಕಬ್ಬಿಣ ಕಂಡ್ರೆ ಕೈ ತಾನೇ ಮಗುಚುತ್ತೆ ಮೇಡಂ. ಮನೇಲಿ ಫ್ರಿಜ್ಜು, ಬಸ್ಸಿನ ಸರಳು, ಯಾವುದಾದ್ರೂ ಅಷ್ಟೇ. ನಂಗೆ ಗೊತ್ತೂ ಆಗಲ್ಲ."

"ಅಣ್ಣನಿಗೂ ಕಲಿಸಿದ್ರಾ?"

"ಅವನಿಗ್ಯಾಕೆ? ಅವನು ಓದಿದವನು."

"ನಿಮ್ಮಣ್ಣನ ಬೀರಿಗೆ ಸೋಮವಾರ ಬಣ್ಣ ಬಳಿದಿದ್ರು. ಗೊತ್ತಾ?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಆತ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ. ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದ ಚರ್ಮ ಕೆಂಪಗಿತ್ತು. ನಡುಬೆರಳಿನ ಗೆಣ್ಣಿನ ನೆರಿಗೆಯಲ್ಲಿ ಕೂದಲೆಳೆಯಷ್ಟು ಬೂದುಬಣ್ಣ ಉಳಿದಿತ್ತು.

ಪಾಳಿಯ ಎಂಜಿನಿಯರ್ ಮತ್ತು ಕಾವಲುಗಾರರನ್ನು ಪಂಚರನ್ನಾಗಿ ಇರಿಸಿಕೊಂಡು ಶೋಧ ನಡೆಸಲಾಯಿತು. ನಿಯಂತ್ರಣ ಕೊಠಡಿಯ ಗೋಡೆಯಲ್ಲಿ, ಬಳಕೆ ತಪ್ಪಿದರೂ ಯಾರೂ ಇಳಿಸದ ಹಳೆಯ ರಬ್ಬರ್ ಕೈಗವಸುಗಳ ಜೋಡಿ ತೂಗುತ್ತಿತ್ತು. ತಂದೆಯವು. ಬಲಗವಸಿನೊಳಗೆ ಕಂದು ಲಕೋಟೆ ಸುರುಳಿಯಾಗಿ ಕೂತಿತ್ತು. ಅಂಟು ಬಿಚ್ಚಿರಲಿಲ್ಲ.

"ಸುಡಬಹುದಿತ್ತಲ್ಲ" ಎಂದಳು ಇನ್ಸ್‌ಪೆಕ್ಟರ್.

"ಅದರಲ್ಲಿ ಅವನ ದುಡ್ಡಿದೆ ಮೇಡಂ. ಶನಿವಾರ ವಾಪಸ್ ಇಡೋನಿದ್ದೆ."

"ಶುಕ್ರವಾರ ಕಳೆದ ಮೇಲೆ."

"ಹೂಂ."

"ನಿನಗೇನು ಸಿಗ್ತಿತ್ತು?"

"ಏನೂ ಇಲ್ಲ." ಆತ ಫಲಕದ ಕಡೆ ನೋಡುತ್ತ ಹೇಳಿದ. "ಅಪ್ಪ ಸಮ ಮಾಡಿ ಕೊಟ್ಟಿದ್ರು. ಅಂಗಡಿ ಅವನದು ದೊಡ್ಡದು, ಮನೆ ದೊಡ್ಡದು, ಮಾತು ದೊಡ್ಡದು. ಇದೊಂದರಲ್ಲಿ ಮಾತ್ರ ಸಮ ಇದ್ವಿ. ಕಂಪನಿ ಸಭೇಲಿ ಮತಕ್ಕೆ ಎತ್ತಿದ್ರೆ ಅವನ ಕೈ ಎಷ್ಟೋ ನನ್ನ ಕೈನೂ ಅಷ್ಟೇ. ನಂಗೆ ಹೆಚ್ಚು ಬೇಡ ಮೇಡಂ. ಅವನಿಗೆ ಹೆಚ್ಚಾಗಬಾರದು."

ತಿರುಗಿ ಕೊಡುವ ಮನಸ್ಸಿದ್ದರೂ ಕದ್ದದ್ದು ಕದ್ದದ್ದೇ ಎಂದು ಆತನಿಗೆ ತಿಳಿಸಿ, ಮಧ್ಯಾಹ್ನ ಒಂದೂಕಾಲಿಗೆ ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವಾಗಲೂ ಆತ ಅದರ ಬಾಗಿಲನ್ನು ಕೈ ಮಗುಚಿ ಒಮ್ಮೆ ತಾಗಿದ.

ಲಕೋಟೆ ಮುದ್ದೆಮಾಲಾಗಿ ನ್ಯಾಯಾಲಯಕ್ಕೆ ಹೋಯಿತು. ತಾತ್ಕಾಲಿಕವಾಗಿ ದೂರುದಾರರಿಗೆ ಒಪ್ಪಿಸಬೇಕೆಂಬ ಆದೇಶ ಶುಕ್ರವಾರ ಮಧ್ಯಾಹ್ನ ಕೈಗೆ ಬಂತು. ಬ್ಯಾಂಕಿನ ಕೌಂಟರ್ ಮುಚ್ಚುವುದಕ್ಕೆ ಇನ್ನೂ ಸಮಯವಿತ್ತು. ಕನ್ನಡಕದಂಗಡಿಯವರು ಸಹಿ ಹಾಕಿ ಲಕೋಟೆ ತೆಗೆದುಕೊಂಡು ಎದ್ದರು.

"ಒಂದು ನಿಮಿಷ" ಎಂದಳು ಇನ್ಸ್‌ಪೆಕ್ಟರ್. "ಆ ಗೆಣ್ಣಿನ ಗುರುತು ನೋಡಿದ ಕೂಡಲೇ ನಿಮಗೆ ಗೊತ್ತಾಗಿತ್ತು."

ಅವರು ಹೌದೆಂದು ತಲೆಯಾಡಿಸಿದರು.

"ಹೇಳಬಹುದಿತ್ತು. ಅವನ ಮನೆಗೇ ಹೋಗಿ ಕೇಳಬಹುದಿತ್ತು. ಕೇಸಿಲ್ಲದೆ ಮುಗೀತಿತ್ತು."

"ನಾನು ಹೇಳಿದ್ರೆ ಅಣ್ಣ ಹೇಳಿದ ಹಾಗೆ. ನೀವು ಹಿಡಿದ್ರೆ ಊರೇ ಹೇಳಿದ ಹಾಗೆ." ಅವರು ಲಕೋಟೆಯ ಸುಕ್ಕನ್ನು ಹೆಬ್ಬೆರಳಿನಿಂದ ಸರಿಪಡಿಸುತ್ತ ನಿಂತರು. ಆಮೇಲೆ, ಕೇಳದೆಯೇ ಹೇಳಿದರು: "ನನ್ನನ್ನ ಪುಸ್ತಕದ ಮುಂದೆ ಕೂರಿಸಿ, ಅಪ್ಪ ಅವನನ್ನ ಅಂಗಳಕ್ಕೆ ಕರ್ಕೊಂಡು ಹೋಗೋರು. ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ಇಬ್ಬರೂ ನೀರಿನ ಪಂಪು, ಕಿಟಕಿ ಸರಳು, ಎಲ್ಲಾನೂ ಕೈ ಮಗುಚಿ ಮುಟ್ಟಿ ಮುಟ್ಟಿ ನಗೋರು. ನನಗೂ ಕಲಿಸಿ ಅಂದೆ ಒಂದು ಸಲ. ನಿನಗೆ ಬೇಡಪ್ಪ, ನಿನ್ನದು ಬೇರೆ ಕೈ ಅಂದ್ರು. ಷೇರು ಸಮ ಹಂಚಿದ್ರು ನಿಜ. ಅದನ್ನ ಹಂಚಲಿಲ್ಲ."

ಒಳಗಿನ ಲಾಕಪ್ಪಿನಿಂದ ಕೆಮ್ಮು ಕೇಳಿಸಿತು. ಗುರುವಾರ ನ್ಯಾಯಾಲಯ ಆತನನ್ನು ಎರಡು ದಿನ ಪೊಲೀಸರ ವಶಕ್ಕೆ ಕೊಟ್ಟಿತ್ತು, ಜಾಮೀನಿನ ಆದೇಶ ಇನ್ನೂ ಬಂದಿರಲಿಲ್ಲ. ಬೆಳಗಿನಿಂದ ಆತ ದಫೇದಾರನನ್ನು ಕೇಳುತ್ತಿದ್ದದ್ದು ಜಾಮೀನಿನ ವಿಷಯವನ್ನಲ್ಲ. ಅಣ್ಣ ಅರ್ಜಿ ಕೊಟ್ಟನೇ ಎಂದು. ಕನ್ನಡಕದಂಗಡಿಯವರು ಆ ಕಡೆ ತಿರುಗಲಿಲ್ಲ.

ಅಂತಿಮ ವರದಿಯಲ್ಲಿ ಅಪರಾಧದ ಉದ್ದೇಶವೇನೆಂದು ದಫೇದಾರ ಕೇಳಿದಾಗ ಇನ್ಸ್‌ಪೆಕ್ಟರ್ "ಹೊಟ್ಟೆಕಿಚ್ಚು" ಎಂದು ಬರೆಸಿದಳು. ಯಾರದು ಎಂದು ಆತ ಕೇಳಲಿಲ್ಲ. ಆರೋಪಿ ಒಬ್ಬನೇ ಇದ್ದ. ಆಕೆ ಕಿಟಕಿಯ ಬಳಿ ನಿಂತಳು.

ಕನ್ನಡಕದಂಗಡಿಯವರು ಲಕೋಟೆಯನ್ನು ಎದೆಗೆ ಒತ್ತಿಕೊಂಡು ಠಾಣೆಯ ಅಂಗಳ ದಾಟುತ್ತಿದ್ದರು. ಕಬ್ಬಿಣದ ಗೇಟಿನ ಹತ್ತಿರ ಬಂದು ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಬಲಗೈಯನ್ನು ನಿಧಾನವಾಗಿ ಮಗುಚಿ, ಬೆರಳ ಗೆಣ್ಣುಗಳನ್ನು ಗೇಟಿಗೆ ತಾಗಿಸಿದರು. ಸರಿಬರಲಿಲ್ಲವೇನೋ, ಇನ್ನೊಮ್ಮೆ ತಾಗಿಸಿದರು. ಬಳಿಕ ಗೇಟು ತೆಗೆದು, ಬ್ಯಾಂಕಿನ ದಿಕ್ಕಿಗೆ ಬಿರಬಿರನೆ ನಡೆದರು.