ಹೌದ್ರೀ ಎಂದ ಉರುಕುಂದಪ್ಪ

ದೇವದುರ್ಗದ ಭಾಗೀರಥಿಬಾಯಿ ಅಡುಗೆಮನೆಯಲ್ಲಿ ಸತ್ತು ಬಿದ್ದಿದ್ದರು. ಪಕ್ಕದಲ್ಲಿ ಲೋಟ. ಹಾಲಿನಲ್ಲಿ ವಿಷ. ಮಕ್ಕಳಿಲ್ಲದ ವಿಧವೆ, ಮನೆಯನ್ನು ಹೆಣ್ಣುಮಕ್ಕಳ ಶಾಲೆಗೆ ಕೊಡಲು ಹೊರಟಿದ್ದರು. ಹೆಣದ ಕಾಲ ಬಳಿ ಮನೆಯಾಳು ಉರುಕುಂದಪ್ಪ ಅಳುತ್ತ ಕೂತಿದ್ದ.

"ನೀನೇ ಕೊಂದಿಯೇನಲೇ?" ಪೊಲೀಸ್ ಅಮೀನ ಜಿಲಾನಿ ಪಾಷಾ ಗದರಿದ.

"ಹೌದ್ರೀ ಯಪ್ಪಾ."

ಅಷ್ಟಕ್ಕೇ ಅವನನ್ನು ರಾಯಚೂರಿನ ಜೈಲಿಗೆ ಹಾಕಿದರು. ೧೯೪೬ರ ಮಾತು.

*

ಪಾಷಾನ ಮನಸ್ಸು ಮಾತ್ರ ಒಪ್ಪಲಿಲ್ಲ. ಅಷ್ಟು ಸಲೀಸಾಗಿ ಯಾರೂ ಕಬೂಲ್ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಮಾನ್ವಿಯ ಪ್ರಹ್ಲಾದ ಮೈಸೂರಿನಲ್ಲಿ ಮನಃಶಾಸ್ತ್ರ ಕಲಿಯುತ್ತಿದ್ದ, ರಜೆಗೆ ಬಂದಿದ್ದ. ಅವನನ್ನು ಪಾಷಾ ಜೈಲಿಗೆ ಕರೆಸಿದ.

"ಈ ಮನಸ್ಸಿನ ಪರೀಕ್ಷಾದ ಹುಚ್ಚು ಯಾಕ ಹಿಡೀತ್ರೀ ನಿಮಗ?" ಪಾಷಾ ಕೇಳಿದ.

"ನನ್ನ ತಂಗಿಗೆ ಕಿವಿ ಕೇಳ್ತಿರಲಿಲ್ಲರೀ. ಮಾಸ್ತರು ದಡ್ಡಿ ಅಂದುಬಿಟ್ರು. ಹಿಂದಿಂದ ಗಾಡಿ ಬರೋದು ಕೇಳದ ಸತ್ತಳು. ಅದಕ್ಕ, ಉತ್ತರ ಸರಿಯೋ ತಪ್ಪೋ ಅಂತ ನಾ ಮೊದಲು ನೋಡೂದಿಲ್ಲ. ಪ್ರಶ್ನಿ ಅವರಿಗೆ ಹೆಂಗ ಮುಟ್ಟತದ ಅಂತ ನೋಡ್ತೀನಿ."

ಪ್ರಹ್ಲಾದ ಕೈದಿಯ ಎದುರು ನೆಲದ ಮೇಲೇ ಕೂತ.

"ಕಲ್ಲಿಂದ ಹೊಡದು ಕೊಂದಿ?"

"ಹೌದ್ರೀ."

"ಬಾವಿಗೆ ನೂಕಿದಿ?"

"ಹೌದ್ರೀ."

ಪಾಷಾ ತಲೆ ತಗ್ಗಿಸಿದ.

"ಈಗ ನಾ ಅಂದದ್ದು ತಿರುಗಿ ಅನ್ನು," ಎಂದ ಪ್ರಹ್ಲಾದ. ಎಷ್ಟೇ ಉದ್ದದ ಮಾತಾದರೂ ಉರುಕುಂದಪ್ಪ ಒಂದಕ್ಷರ ಬಿಡದೆ ಒಪ್ಪಿಸಿದ. ದನಿಯ ಏರಿಳಿತವೂ ಹಾಗೇ.

"ಅವತ್ತು ಅಡಿಗಿಮನ್ಯಾಗ ಏನು ಕೇಳಿದಿ?"

"ವೈನೀ, ಹಾಲು ಕುಡೀರಿ. ಕಹಿ ಆದ್ರ ಔಷಧ ಅನ್ಕೊಳ್ರಿ."

"ನೀ ಆಕಿಗೆ ಏನಂತಿದ್ದಿ?"

"ಯವ್ವಾ ಅಂತಿದ್ನಿರೀ."

*

ಸತ್ತವರ ಮೈದುನ ಶೇಷಗಿರಿ ದೇವದುರ್ಗದ ಮನೆಯ ಕಟ್ಟೆಯ ಮೇಲಿದ್ದ. ಕೊಲೆಯಾದ ದಿನ ರಾಯಚೂರಿನಲ್ಲಿದ್ದೆ ಎಂದು ಹೇಳಿಕೆ ಕೊಟ್ಟಿದ್ದವನು.

ಪಾಷಾ, ಪ್ರಹ್ಲಾದ ಇಬ್ಬರೂ ಕೈದಿಯನ್ನು ಅಲ್ಲಿಗೆ ಕರೆತಂದು ಆ ಮಾತು ಅನ್ನಿಸಿದರು. ಉರುಕುಂದಪ್ಪನ ಬಾಯಿಂದ ತನ್ನದೇ ಮಾತು, ತನ್ನದೇ ದನಿ ಬಂದಾಗ ಶೇಷಗಿರಿಯ ಮುಖ ಬಿಳಿಚಿತು.

"ಈ ಪೆದ್ದ ಕಟ್ಟಿಗಿ ರಾಶಿ ಹಿಂದ ಇದ್ದದ್ದು ನಾ ನೋಡಲೇ ಇಲ್ಲ..."

ತಡವಾಗಿ ಬಾಯಿ ಮುಚ್ಚಿದ. ಪಾಷಾ ಬೇಡಿ ತೊಡಿಸಿದ.

"ಇವಂಗ ಏನು ಕೇಳಿದ್ರೂ ಹೌದು ಅಂತಾನರೀ," ಪ್ರಹ್ಲಾದ ಪಾಷಾನಿಗೆ ವಿವರಿಸಿದ. "ಅಂದ್ರ ಆ ಕಬೂಲಿ ನಿಮ್ಮದು, ಇವಂದಲ್ಲ. ಆದರ ಕಿವಿಗೆ ಬೀಳದ ಮಾತು ಹುಟ್ಟಸಾಕ ಇವಂಗ ಬರೂದಿಲ್ಲ. 'ವೈನಿ' ಅಂದ್ರ ಅತ್ತಿಗಿ, ಅದು ಇವನ ಬಾಯಿ ಮಾತಲ್ಲ. ಈ ಮನ್ಯಾಗ ಹಂಗ ಕರಿಯಾವ್ರು ಮೈದುನ ಒಬ್ಬರೇ. ಮನಿ ಹೆಣ್ಣುಮಕ್ಕಳ ಸಾಲಿಗೆ ಹೋಗೂದು ಅವರಿಗೆ ಬ್ಯಾಡಾಗಿತ್ತು."

ಸಿಪಾಯಿಗಳು ಮನೆಗೆ ಬೀಗ ಹಾಕಿ ಮೊಹರು ಒತ್ತಿದರು. ಉರುಕುಂದಪ್ಪ ಅಂಗಳದಲ್ಲೇ ನಿಂತಿದ್ದ.

"ನಡಿ, ನಿನ್ನ ಬಿಟ್ಟಾರ. ಎಲ್ಲಿಗೆ ಹೋಗ್ತಿ?" ಪ್ರಹ್ಲಾದ ಮೆಲ್ಲಗೆ ಕೇಳಿದ.

ಅವನು ಮುಚ್ಚಿದ ಬಾಗಿಲ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಯವ್ವ ಎದ್ದಮ್ಯಾಲೆ ತೆಗೀತಾಳ್ರೀ."