ಅಕ್ಷರದಡಿಯ ಸಹಿ

“ಇಷ್ಟರಲ್ಲಿ ನಾನೆಲ್ಲಿದ್ದೀನಿ?”

ನೆಲದ ಮೇಲೆ ಹರಡಿದ್ದ ನಲವತ್ತು ಸಿನಿಮಾ ಪೋಸ್ಟರ್‌ಗಳ ನಡುವೆ ನಿಂತು ಅವಳು ಗಟ್ಟಿಯಾಗಿ ಕೇಳಿದಳು. ಉತ್ತರಿಸಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ನಲವತ್ತರ ಚಿತ್ರವನ್ನೂ ಬರೆದವಳು ಅವಳೇ. ಹನ್ನೊಂದು ವರ್ಷದ ದುಡಿಮೆ! ಆದರೆ ಕಲಾಪ್ರದರ್ಶನದ ಆಯ್ಕೆ ಸಮಿತಿ ಎಲ್ಲವನ್ನೂ ಹಿಂದಕ್ಕೆ ಕಳಿಸಿತ್ತು. ‘ಇವು ನಿಮ್ಮವೇ ಎನ್ನಲು ಒಂದರಲ್ಲೂ ಸಹಿ ಇಲ್ಲ. ನಾಳೆ ಸಂಜೆಯೊಳಗೆ ಆಧಾರ ಕೊಡಿ.’

ಸಹಿ ಹಾಕಿದ್ದಳು... ಪ್ರತಿಯೊಂದಕ್ಕೂ!

ಮೊದಮೊದಲು ಬಲಮೂಲೆಯಲ್ಲಿ. ಅಚ್ಚಾಗಿ ಬಂದಾಗ ಅದರ ಮೇಲೆ ಸಿನಿಮಾದ ಹೆಸರಿನ ಅಕ್ಷರ ಕೂತಿತ್ತು. ಜಾಗ ಸಾಲದೆ ಹಾಗಾಗಿರಬೇಕು ಅಂದುಕೊಂಡು ಎಡಕ್ಕೆ ಸರಿಸಿದಳು. ಅಲ್ಲಿಗೂ ಬಂತು. ಕುದುರೆಯ ಗೊರಸಿನ ಬಳಿ, ನಾಯಕಿಯ ಕೊಡೆಯ ನೆರಳಿನಲ್ಲಿ... ಎಲ್ಲಿ ಅಡಗಿಸಿದರೂ ಅಕ್ಷರ ಹುಡುಕಿಕೊಂಡು ಬಂತು.

ಇವತ್ತು ಫೋನ್ ಮಾಡಿ ಕೇಳಿದರೆ ಅಚ್ಚುಕೂಟದ ಮಾಲೀಕರು, “ಅಕ್ಷರ ಬರೆಯೋನಿಗೆ ಕೊಬ್ಬಮ್ಮ, ನನ್ನ ಮಾತೂ ಕೇಳಲ್ಲ” ಎಂದು ನಕ್ಕುಬಿಟ್ಟಿದ್ದರು.

ಆ ಅಕ್ಷರದವನನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅವಳು ಮನೆಯಿಂದ ಚಿತ್ರ ಕಳಿಸುತ್ತಿದ್ದಳು. ಅವನು ಅಚ್ಚುಕೂಟದ ಮಹಡಿಯಲ್ಲಿ ಅಕ್ಷರ ಕೂರಿಸುತ್ತಿದ್ದ. ಆದರೂ ಅವನ ಅಕ್ಷರಗಳ ಬಳುಕು ಅವಳಿಗೆ ಬಾಯಿಪಾಠವಾದ ಪದ್ಯದ ಹಾಗೆ ಗೊತ್ತಿತ್ತು. ಅವಕ್ಕೆಂದೇ ಆಕಾಶವನ್ನು ಖಾಲಿ ಬಿಟ್ಟು ಬರೆಯುತ್ತಿದ್ದಳು. ಒಳ್ಳೆಯ ಮನುಷ್ಯನೇ ಇರಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದಳೋ!

‘ನನ್ನ ಬುದ್ಧಿಗೆ ಬೆಂಕಿ ಬೀಳ!’

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮಹಡಿಯಲ್ಲಿ ಕನ್ನಡಕ ಹಣೆಗೇರಿಸಿಕೊಂಡವನೊಬ್ಬ ಕುಂಚ ತೊಳೆಯುತ್ತಿದ್ದ.

“ಅಕ್ಷರದವರು ನೀವೇನಾ?”

“ಹೌದು. ತಾವು...?”

“ನಿಮ್ಮ ಅಕ್ಷರದ ಕೆಳಗೆ ಹನ್ನೊಂದು ವರ್ಷದಿಂದ ಹೂತು ಹೋದವಳು!”

ಅವನ ಕೈಯಿಂದ ಕುಂಚ ಜಾರಿತು.

“ಬಾಯಿ ಬಿಡ್ರೀ! ನನ್ನ ಹೆಸರನ್ನ ಬೇಕಂತಲೇ ಮುಚ್ಚಿದ್ರಿ ತಾನೇ?”

“ಬೇಕಂತಲೇ ಮುಚ್ಚಿದೆ.”

ಅಷ್ಟು ನೇರವಾದ ಉತ್ತರಕ್ಕೆ ಅವಳು ಸಿದ್ಧಳಾಗಿರಲಿಲ್ಲ...

ಅವನು ಅಗಲವಾದ ಡ್ರಾಯರ್ ಎಳೆದ. ಒಳಗೆ ಅವಳ ಮೂಲಚಿತ್ರಗಳು! ಅಚ್ಚಾದ ಮೇಲೆ ರದ್ದಿಗೆ ಹೋದವೆಂದು ಅವಳು ಆಸೆ ಬಿಟ್ಟಿದ್ದಂಥವು. ಮೇಲಿನ ಚಿತ್ರದಿಂದ ಅವನು ತೆಳುವಾದ ಪಾರದರ್ಶಕ ಹಾಳೆಯೊಂದನ್ನು ಎತ್ತಿದ. ಅಕ್ಷರಗಳೆಲ್ಲ ಹಾಳೆಯ ಜೊತೆ ಮೇಲೆದ್ದವು. ಕೆಳಗೆ, ಕೊಡೆಯ ನೆರಳಿನಲ್ಲಿ, ಅವಳ ಸಹಿ... ನಿನ್ನೆ ತಾನೇ ಹಾಕಿದಂತೆ.

“ಬ್ಲೇಡಲ್ಲಿ ಹೆಸರು ಕೆರೆದು ತೆಗಿ ಅಂದ್ರು ಮಾಲೀಕರು. ಹೆಸರು ಗೊತ್ತಾದ್ರೆ ಬೇರೆ ಅಚ್ಚುಕೂಟದವರು ನಿಮ್ಮನ್ನ ಕೆಲಸಕ್ಕೆ ಕರ್ಕೊಂಡು ಹೋಗ್ತಾರಂತೆ. ಕೆರೆಯೋಕೆ ಕೈ ಬರಲಿಲ್ಲ. ಅದಕ್ಕೇ ಚಿತ್ರದ ಮೇಲೆ ಬರೆಯೋದು ಬಿಟ್ಟು, ಹಾಳೆ ಮೇಲೆ ಬರೆದು ಮುಚ್ಚಿದೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಜಗಳಕ್ಕೆ ನಿಲ್ತೀರಿ, ನಿಮ್ಮ ಕೆಲಸ ಹೋಗುತ್ತೆ ಅಂತ...”

“ನನ್ನ ಜಗಳ ನಾನು ಆಡ್ಕೋತಿದ್ದೆ! ನನ್ನ ಪರವಾಗಿ ಹೆದರೋಕೆ ನಿಮಗೆ ಹೇಳಿದ್ಯಾರು?”

ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಅದರೊಳಗೆ ಇನ್ನೇನೋ ಬೆರೆತಿತ್ತು.

“ತಪ್ಪಾಯ್ತು,” ಅವನು ತಲೆ ತಗ್ಗಿಸಿದ. “ಹೆದರಿದ್ದು ನಿಮಗೋಸ್ಕರ ಮಾತ್ರ ಅಲ್ಲ. ನೀವು ಬಿಟ್ಟು ಹೋದ್ರೆ ನಿಮ್ಮ ಚಿತ್ರ ಬರಲ್ಲ. ಚಿತ್ರ ಬರದ ವಾರ ನಾನು... ದಿನ ಎಣಿಸ್ತೀನಿ.”

ಅವಳು ಬಾಗಿ, ಜಾರಿಬಿದ್ದಿದ್ದ ಕುಂಚವನ್ನು ಎತ್ತಿ ಅವನ ಮುಂದಿಟ್ಟಳು.

“ನಾಳೆ ಸಮಿತಿ ಮುಂದೆ ಬಂದು ಇದೆಲ್ಲ ಹೇಳ್ಬೇಕು. ಮಾಲೀಕರ ಬ್ಲೇಡಿನ ಮಾತೂ ಸೇರಿಸಿ.”

“ಹೇಳ್ತೀನಿ.”

“ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ. ಈಗ ನನ್ನ ಪರವಾಗಿ ಹೆದರೋ ಸರದಿ ನಿಮ್ಮದಾ?”

ನಗು ಬರದಂತೆ ತುಟಿ ಕಚ್ಚಿ ಅವಳು ಚಿತ್ರಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಡ್ರಾಯರ್ ಬರಿದಾಯಿತು.

“ಎಲ್ಲ ನಿಮ್ಮವೇ. ಆದ್ರೆ... ಆ ಕೊಡೆಯದೊಂದನ್ನ ನನ್ನ ಹತ್ರ ಬಿಟ್ಟು ಹೋಗ್ತೀರಾ?”

ಬಾಗಿಲಲ್ಲಿ ಅವಳು ಗಕ್ಕನೆ ತಿರುಗಿದಳು.

“ನೋಡ್ಬೇಕು ಅನ್ನಿಸಿದ್ರೆ ನಮ್ಮನೆಗೆ ಬನ್ನಿ. ದಿನಾ ಅನ್ನಿಸಿದ್ರೆ ದಿನಾ ಬನ್ನಿ. ಇಲ್ಲಿ ಮಾತ್ರ... ಒಂದನ್ನೂ ಬಿಡಲ್ಲ!”