ಕೊಯ್ದ ಛಾವಣಿಯ ಕಾರು

ಗಂಡ ಯಶವಂತ ನಿನ್ನೆ ಜಮ್‌ಶೇಡ್‌ಪುರದಿಂದ ತಂದ ಚೀಲವನ್ನು ಬರಿದು ಮಾಡುತ್ತ, ಅಂಗಿಗಳನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದ ಲೀಲಾ ಫೋನಿನ ಸದ್ದಿಗೆ ಸೋಪಿನ ಕೈಯಲ್ಲೇ ಎದ್ದಳು.

"ಲೀಲಾ, ಶೋರೂಮಿಗೆ ಪೊಲೀಸರು ಬಂದಿದಾರೆ." ಯಶವಂತನ ದನಿ ತೀರಾ ತಗ್ಗಿತ್ತು. "ಕನ್ವರ್ಟಿಬಲ್ ಛಾವಣೀನ ಯಾರೋ ಬ್ಲೇಡಲ್ಲಿ ಕೊಯ್ದಿದಾರೆ. ನಿನ್ನೆ ಸಂಜೆ ಬೀಗ ಹಾಕಿದ್ದು ನಾನು. ಕೀ ಇದ್ದಿದ್ದೂ ನನ್ನ ಹತ್ರಾನೇ."

ಯಶವಂತ ಬಾಲಿಗಂಜಿನ ಶೋರೂಮೊಂದರಲ್ಲಿ ಹಳೆಯ ವಿದೇಶಿ ಕಾರುಗಳಿಗೆ ಬೆಲೆ ಕಟ್ಟುವವನು. ಹೋದ ವಾರ ಇಟಲಿಯ ಎರಡು ಸ್ಪೋರ್ಟ್ಸ್ ಕಾರು ಬಂದಿದ್ದವು. ಒಂದೇ ವರ್ಷದವು, ಒಂದೇ ಎಂಜಿನ್ನು. ಒಂದು ಗಟ್ಟಿ ಛಾವಣಿಯ ಕೂಪೆ, ಇನ್ನೊಂದು ಬಟ್ಟೆಯ ಛಾವಣಿ ಮಡಚುವ ಕನ್ವರ್ಟಿಬಲ್. ಹೊಸದರಲ್ಲಿ ಕನ್ವರ್ಟಿಬಲ್‌ಗೇ ಬೆಲೆ ಜಾಸ್ತಿ. ವರ್ಷ ಕಳೆದಂತೆ ಬೆಲೆ ಉಳಿಸಿಕೊಳ್ಳುವುದು ಕೂಪೆ, ಅದರಲ್ಲೂ ಈ ಊರಿನ ತೇವಕ್ಕೆ ಬಟ್ಟೆ ನಿಲ್ಲುವುದಿಲ್ಲ ಎಂದು ಯಶವಂತ ಕನ್ವರ್ಟಿಬಲ್‌ಗೆ ಮೂರನೇ ಒಂದು ಪಾಲು ಕಡಿಮೆ ಬರೆದಿದ್ದ. ಮಾಲೀಕ ಪುರುಷೋತ್ತಮನೊಡನೆ ಮಾತಿಗೆ ಮಾತು ಬೆಳೆದಿತ್ತು. ತನ್ನ ಮಾತು ಗೆಲ್ಲಲೆಂದು ಯಶವಂತನೇ ಕೊಯ್ದಿದ್ದಾನೆ ಎಂಬುದು ಈಗ ಪುರುಷೋತ್ತಮನ ದೂರು.

ಫೋನು ಇಟ್ಟು ಬಂದ ಲೀಲಾ ಚೀಲದ ತಳಕ್ಕೆ ಕೈ ಹಾಕಿದಳು. ಪ್ಲಾಸ್ಟಿಕ್ ಕವರಿನಲ್ಲಿ ಬೆರಳಗಲದ ಕಪ್ಪು ಬಟ್ಟೆಯ ಚೂರು ಸಿಕ್ಕಿತು. ಅಂಚು ನೀಟಾಗಿ ಕೊಯ್ದಂತಿತ್ತು. ಹಿಂದೆಮುಂದೆ ನೋಡದೆ ಅದನ್ನು ಅಕ್ಕಿಡಬ್ಬದೊಳಗೆ ಹುಗಿದಳು. ತಿರುಗಿದರೆ ಬಾಗಿಲಲ್ಲಿ ಎಂಟು ವರ್ಷದ ಮಗಳು ಖುಷಿ. ಅವಳ ಕಣ್ಣು ಅಕ್ಕಿಡಬ್ಬದ ಮೇಲಿತ್ತು.

ಮೇಲಿನ ಮಹಡಿಯ ಶಾಂತಮ್ಮ ಮೂವತ್ತು ವರ್ಷ ವಿಮಾ ಸರ್ವೇಯರ್ ಆಗಿ ಜಜ್ಜಿಹೋದ ವಾಹನಗಳನ್ನು ಪರೀಕ್ಷಿಸಿದವರು. ಲೇಕ್ ಮಾರ್ಕೆಟ್ ಸುತ್ತಿನ ಕನ್ನಡದವರ ಮನೆಗಳಲ್ಲಿ ಏನು ಕಳುವಾದರೂ ಕರೆ ಹೋಗುತ್ತಿದ್ದುದು ಅವರಿಗೆ. ಅವರ ಚೀಲ ಹಿಡಿದು ಹಿಂದೆ ಹೋಗುತ್ತಿದ್ದವಳು ಲೀಲಾ. ಈಗ ಅವರೆದುರು ಹೋಗಿ ನಿಂತು ಪೊಲೀಸರ ಸುದ್ದಿ ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು.

"ಅಳಬ್ಯಾಡ," ಎಂದರು ಶಾಂತಮ್ಮ. "ಮುಚ್ಚಿಟ್ಟಿದ್ದು ಏನರೆ ಇದ್ರ ತಗೊಂಡ ಬಾ. ನಿನ್ನ ಮುಖಾನ ಹೇಳಾಕತ್ತದ."

ಲೀಲಾ ಅಕ್ಕಿ ಕೊಡವಿ ಕವರು ತಂದಳು. ಶಾಂತಮ್ಮ ಅದನ್ನು ಮೂಸಿ ತಮ್ಮ ಚೀಲಕ್ಕೆ ಸೇರಿಸಿದರು. ಗಂಡನ ಕೊರಳಿಗೆ ತಾನೇ ಹಗ್ಗ ಹೊಸೆದುಕೊಟ್ಟೆನೇನೋ ಎಂದುಕೊಳ್ಳುತ್ತ ಲೀಲಾ ಆ ಚೀಲವನ್ನು ಹೆಗಲಿಗೇರಿಸಿದಳು.

ಆಟೋದಲ್ಲಿ ಖುಷಿ ಅಮ್ಮನ ಮೊಬೈಲಿನಲ್ಲಿ ನಿನ್ನೆ ಶೋರೂಮಿನ ಕಾರುಗಳಿಗೆ ನಡೆದ ವಿಶ್ವಕರ್ಮ ಪೂಜೆಯ ಫೋಟೋ ತೋರಿಸಿದಳು. "ನೋಡಿ ಅಜ್ಜಿ, ಪುರೋಹಿತರು ಟೆನ್ ಓಕ್ಲಾಕಿಗೆ ಬಂದು ರೆಡ್ ವಾಟರ್ ಸಿಡ್ಸಿದ್ರಲ್ಲ, ಅದಕ್ಕೂ ಮುಂಚೆ ತೆಗ್ದಿದ್ದು. ಪುರುಷೋತ್ತಮ ಅಂಕಲ್ ಈ ಗಾಡಿ ಮೇಲೆ ತ್ರೀ ಹಾರ ಹಾಕಿದ್ರು, ಕೂಪೆಗೆ ಓನ್ಲಿ ಒನ್. ನಾಟ್ ಫೇರ್."

"ಹೌದಲ್ಲ ಮತ್ತ, ಭಾಳ ಅನ್ಯಾಯ," ಎಂದ ಶಾಂತಮ್ಮ ಫೋಟೋವನ್ನು ಹಿಗ್ಗಿಸಿ ನೋಡಿದರು.

ಶೋರೂಮಿನಲ್ಲಿ ಯಶವಂತ ಸ್ಟೂಲಿನ ಮೇಲೆ ತಲೆತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಇನ್‌ಸ್ಪೆಕ್ಟರ್. ಕನ್ವರ್ಟಿಬಲ್ ಛಾವಣಿಗೆ ಅಡ್ಡಡ್ಡ ಮೂರು ಗಾಯ. ಶಾಂತಮ್ಮ ಕಿಟಕಿಗೆ ಮೂಗು ಒತ್ತಿ ಒಳಗೆ ನೋಡಿದರು. ಬೆಣ್ಣೆ ಬಣ್ಣದ ಸೀಟಿನ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಒಣಗಿದ್ದವು.

"ವಿಮೆಯವರಿಗೆ ತಿಳಿಸೀರೇನು?"

"ಏಳು ಗಂಟೆಗೇ ಹೇಳ್ದೆ," ಎಂದ ಪುರುಷೋತ್ತಮ. "ತಮ್ಮನ ಥರ ನೋಡ್ಕೊಂಡೆ ಶಾಂತಮ್ನೋರೆ. ಹಾಲೆರೆದದ್ದು ಹಾವಿಗೆ."

"ಪೂಜಿ ಹೊತ್ತಿನಾಗ ಈ ಗಾಡಿ ಬಾಗಿಲಾ ತೆಗದಿದ್ರೇನು?"

"ಇಲ್ಲ, ಮೂರು ದಿನದಿಂದ ತೆಗ್ದಿಲ್ಲ."

ಶಾಂತಮ್ಮ ಎಲ್ಲರನ್ನೂ ಕಾರಿನ ಸುತ್ತ ನಿಲ್ಲಿಸಿದರು. ಇನ್‌ಸ್ಪೆಕ್ಟರಿಗೆ ಹಿಂದಿಯಲ್ಲೂ ಉಳಿದವರಿಗೆ ಕನ್ನಡದಲ್ಲೂ ಹೇಳತೊಡಗಿದರು.

"ನಿನ್ನೆ ಮುಂಜಾನೆ ಹತ್ತಕ್ಕ ಪುರೋಹಿತರು ಸಿಂದೂರ ಬೆರೆಸಿದ ನೀರನ್ನ ಮಾವಿನ ಎಲಿಲೆ ಗಾಡಿಗೆಲ್ಲಾ ಸಿಡಿಸಿದ್ರು. ಬಾಗಿಲಾ, ಕಿಟಕಿ ಮುಚ್ಚಿದ ಗಾಡಿಯೊಳಗ ಆ ಕೆಂಪು ಹ್ಯಾಂಗ ಬಂತು? ಗಾಯದ ಕೆಳಗಷ್ಟ ಬಿದ್ದದ. ಅಂದ್ರ ಪೂಜಿಗಿಂತ ಮೊದಲ ಛಾವಣಿ ಕೊಯ್ದಾಗಿತ್ತು. ಯಶವಂತ ಮೂರು ದಿನ ಊರಾಗ ಇರಲಿಲ್ಲ. ರೈಲಿನಿಂದ ಇಳದು ಇಲ್ಲಿಗೆ ಬಂದದ್ದು ಮಧ್ಯಾಹ್ನ."

"ಹಾಗಿದ್ರೆ ಪೂಜೇಲಿ ಯಾರಿಗೂ ಕಾಣ್ಲಿಲ್ವಾ?" ಎಂದು ಪುರುಷೋತ್ತಮ ನಕ್ಕ.

ಶಾಂತಮ್ಮ ಫೋಟೋ ಮುಂದೆ ಹಿಡಿದರು. "ಮೂರು ಗಾಯ, ಮೂರು ಹಾರ. ಎಲ್ಲಿ ಗಾಯ ಅದ, ಅಲ್ಲೇ ಹಾರ. ಹಾಕಿದವ ನೀನು. ಪುರೋಹಿತರ ಕೈ ಹಿಡಿಯೂದು ಮಾತ್ರ ನಿನ್ನಿಂದ ಆಗಲಿಲ್ಲ."

ಆಮೇಲೆ ಕವರು ಹೊರತೆಗೆದರು. ಯಶವಂತ ತಲೆಯೆತ್ತಿದ. "ಅದು ಛಾವಣಿ ಒಳಮಡಿಕೆಯದು. ಜಮ್‌ಶೇಡ್‌ಪುರಕ್ಕೆ ಹೋಗೋಕೆ ಮುಂಚೆ ವರದಿಗೆ ಅಂಟಿಸೋಕೆ ತೆಗೆದಿದ್ದೆ."

"ಬೂಷ್ಟಿನ ವಾಸನಿ," ಎಂದರು ಶಾಂತಮ್ಮ. "ಬೂಷ್ಟಿಗೆ ವಿಮೆ ಇಲ್ಲ, ಬ್ಲೇಡಿಗೆ ಅದ. ಬೂಷ್ಟು ಹಿಡಿದಲ್ಲೇ ಕೊಯ್ದರ ಹೊಸಾ ಛಾವಣಿ ಬರತದ, ಕನ್ವರ್ಟಿಬಲ್ ಕೂಪೆಗೆ ಸರಿಸಮ ಮಾರಾಟಾಗತದ, ಕಡಿಮಿ ಬರದವನ ಬಾಯಿನೂ ಮುಚ್ಚತದ."

ಪುರುಷೋತ್ತಮ ಬಾನೆಟ್ಟಿನ ಮೇಲೆ ಕೈಯೂರಿದ. "ಎರಡಕ್ಕೂ ಒಂದೇ ಬೆಲೆ ಕೊಟ್ಟು ತಂದಿದ್ದೆ," ಎಂದಷ್ಟೇ ಹೇಳಿದ.

ಇನ್‌ಸ್ಪೆಕ್ಟರ್ ಯಶವಂತನನ್ನು ಕಳುಹಿಸಿಕೊಟ್ಟರು. ಹೊರಗೆ ಗರಿಯಾಹಾಟ್ ಕಡೆಯ ಆಟೋಗೆ ಕಾಯುತ್ತ ಲೀಲಾ ಗಂಡನ ತೋಳು ಹಿಡಿದುಕೊಂಡಳು. "ಎಲ್ಲಾ ಮುಗೀತಲ್ಲ," ಎಂದು ಅವನು ಸಮಾಧಾನ ಹೇಳಿದ.

ಖುಷಿ ಅಮ್ಮನ ಸೆರಗು ಎಳೆದಳು.

"ಅಮ್ಮಾ, ನೀನೂ ಅಪ್ಪಾನೇ ಮಾಡಿದ್ದು ಅಂತ ಥಿಂಕ್ ಮಾಡಿದ್ಯಾ?"